ಗುಪ್ತ ಮತದಾನ

ಯಾರು ಯಾರಿಗೆ ಮತ ಹಾಕಿದರೆಂಬುದು ಮತ್ತೊಬ್ಬರಿಗೆ ತಿಳಿಯದಂತೆ ಚುನಾವಣೆ ನಡೆಸುವ ಪದ್ಧತಿ. ಪ್ರಜಾಪ್ರಭುತ್ವದ ಚರಿತ್ರೆ ಬರೆಯುವವರು ಮತದಾನದ ಹಕ್ಕಿಗೆ ಕೊಟ್ಟಷ್ಟು ಗಮನವನ್ನು ಇದಕ್ಕೆ ಕೊಟ್ಟಿಲ್ಲ. ಬಡವರಿಗೆ ಆ ಹಕ್ಕು ದಕ್ಕಿದ್ದು ಮಾತ್ರ ಇದರಿಂದಲೇ.

ಪ್ರಾಚೀನ ಅಥೆನ್ಸ್‌ನ ಜನಸಭೆಯಲ್ಲಿ ಕೈ ಎತ್ತಿ ಮತ ಹಾಕುತ್ತಿದ್ದರು. ನ್ಯಾಯಾಲಯದಲ್ಲಿ ಹಾಗಲ್ಲ. ಕ್ರಿ.ಪೂ. 4ನೆಯ ಶತಮಾನದಲ್ಲಿ ತೀರ್ಪುಗಾರರಿಗೆ ತಲಾ ಎರಡು ಕಂಚಿನ ಬಿಲ್ಲೆ ಕೊಡುತ್ತಿದ್ದರು; ಒಂದರ ನಡುಗಡ್ಡಿ ಟೊಳ್ಳು, ಇನ್ನೊಂದರದು ಗಟ್ಟಿ. ಕಡ್ಡಿಯ ತುದಿಗಳನ್ನು ಬೆರಳಿನಿಂದ ಮುಚ್ಚಿ ಹಿಡಿದರೆ ಹಾಕಿದ್ದು ಯಾವುದೆಂದು ಪಕ್ಕದವನಿಗೂ ಗೊತ್ತಾಗುತ್ತಿರಲಿಲ್ಲ. ರೋಮ್‌ನ ಚುನಾವಣೆಗಳಿಗೆ ಗುಪ್ತ ಮತ ಬಂದದ್ದು ಕ್ರಿ.ಪೂ. 139ರಲ್ಲಿ.

ಬ್ರಿಟನ್ನಿನಲ್ಲಿ 19ನೆಯ ಶತಮಾನದಲ್ಲೂ ಮತದಾರ ಎಲ್ಲರೆದುರು ಅಭ್ಯರ್ಥಿಯ ಹೆಸರು ಹೇಳಬೇಕಿತ್ತು. ಗುಮಾಸ್ತ ಅದನ್ನು ಬರೆದುಕೊಳ್ಳುತ್ತಿದ್ದ. ಎಷ್ಟೋ ಕಡೆ ಆ ಪಟ್ಟಿ ಅಚ್ಚಾಗಿ ಹೊರಬರುತ್ತಿತ್ತು. ಚಾರ್ಟಿಸ್ಟ್ ಕಾರ್ಮಿಕ ಚಳವಳಿ 1838ರಲ್ಲಿ ಮುಂದಿಟ್ಟ ಆರು ಬೇಡಿಕೆಗಳಲ್ಲಿ ಗುಪ್ತ ಮತದಾನವೂ ಒಂದು. ಮತವೆಂಬುದು ಸಾರ್ವಜನಿಕ ಹೊಣೆ, ಅದು ಬಹಿರಂಗವಾಗಿಯೇ ಇರಬೇಕೆಂದು ಜಾನ್ ಸ್ಟುವರ್ಟ್ ಮಿಲ್‌ನಂಥ ಉದಾರವಾದಿಯೂ ವಾದಿಸಿದ. ಆದರೆ 1868ರ ಚುನಾವಣೆಯ ನಂತರ ವೇಲ್ಸ್‌ನಲ್ಲಿ ಜಮೀನ್ದಾರರ ಮಾತು ಮೀರಿದ ಗೇಣಿದಾರರನ್ನು ಒಕ್ಕಲೆಬ್ಬಿಸಲಾಯಿತು. ಹೊಲ ಮನೆ ಎರಡನ್ನೂ ಕಳೆದುಕೊಂಡವರ ಮುಂದೆ ಮಿಲ್‌ನ ವಾದ ನಿಲ್ಲುವುದಿಲ್ಲ.

ದಾರಿ ತೋರಿದ್ದು ಆಸ್ಟ್ರೇಲಿಯಾದ ವಸಾಹತುಗಳು. ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರ, ಅದರ ಮೇಲೆ ಗುರುತು ಮಾಡಲು ಮರೆಯಾದ ಜಾಗ: ಇಂಥ ಏರ್ಪಾಡನ್ನು ವಿಕ್ಟೋರಿಯಾ 1856ರಲ್ಲಿ ಕಾನೂನಾಗಿಸಿತು. ಬ್ರಿಟನ್ 1872ರಲ್ಲಿ ಅದನ್ನೇ ಅನುಸರಿಸಿತು. ಆ ವರ್ಷ ಆಗಸ್ಟ್ 15ರಂದು ಪಾಂಟೆಫ್ರಾಕ್ಟ್‌ನಲ್ಲಿ ನಡೆದ ಉಪಚುನಾವಣೆ ಅಲ್ಲಿನ ಮೊದಲ ಪ್ರಯೋಗ. ಊರಿನ ಜ್ಯೇಷ್ಠಮಧು ಮಿಠಾಯಿ ಕಾರ್ಖಾನೆಯ ಅಚ್ಚಿನಿಂದಲೇ ಮತಪೆಟ್ಟಿಗೆಗೆ ಮುದ್ರೆ ಒತ್ತಿದ್ದರು. ಅಮೆರಿಕದಲ್ಲಿ ಪಕ್ಷಗಳು ತಾವೇ ಬಣ್ಣಬಣ್ಣದ ಚೀಟಿ ಅಚ್ಚು ಹಾಕಿಸಿ ಹಂಚುತ್ತಿದ್ದವು. 1888ರಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಮಾಡಿದ ಮೇಲೆ ಉಳಿದ ರಾಜ್ಯಗಳೂ ಬದಲಾದವು.

ಭಾರತದ 1951–52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಹಚ್ಚಿದ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರು. ಓದು ಬಾರದವರೂ ಯಾರ ನೆರವೂ ಇಲ್ಲದೆ ತಮಗೆ ಬೇಕಾದ ಪೆಟ್ಟಿಗೆಗೆ ಮತಪತ್ರ ಹಾಕಬಹುದಿತ್ತು. 1962ರ ಹೊತ್ತಿಗೆ ಒಂದೇ ಮತಪತ್ರದ ಮೇಲೆ ಗುರುತು ಒತ್ತುವ ಕ್ರಮ ಬಂತು. ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರ ಮತ ಮಾತ್ರ 2003ರಿಂದ ಗುಪ್ತವಾಗಿ ಉಳಿದಿಲ್ಲ. ಅದನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕು.

ಮತಯಂತ್ರ ಬಂದ ಮೇಲೆ ಎಣಿಕೆ ಮತಗಟ್ಟೆವಾರು ನಡೆಯುತ್ತದೆ. ಒಬ್ಬನ ಮತ ಗುಟ್ಟಾಗಿ ಉಳಿದರೂ ಯಾವ ಹಳ್ಳಿ, ಯಾವ ಕೇರಿ ಯಾರ ಕಡೆ ವಾಲಿತೆಂಬುದು ಬಯಲಾಗುತ್ತದೆ. ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಮತಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರಗಳ ಮತಗಳನ್ನೂ ಹಾಗೆಯೇ ಒಟ್ಟುಗೂಡಿಸಿ ಎಣಿಸುವ ಸಾಧನ ಬಳಸಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ.