ಆಹಾರದ ಕೊಬ್ಬು ಮತ್ತು ಮಧುಮೇಹ

ಎಣ್ಣೆ, ತುಪ್ಪ, ಬೆಣ್ಣೆ, ಕಾಯಿಬೀಜ, ಮೀನು, ಮಾಂಸಗಳಿಂದ ಮೈಸೇರುವ ಜಿಡ್ಡಿಗೆ ಪೋಷಣಶಾಸ್ತ್ರದಲ್ಲಿ ಆಹಾರದ ಕೊಬ್ಬು ಎಂದು ಹೆಸರು. ಅನ್ನ, ಮುದ್ದೆ, ಸಿಹಿತಿಂಡಿಗಳ ಹಾಗೆ ಇದು ಉಂಡ ಕೂಡಲೇ ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ. ಹೀಗಾಗಿ ಸಕ್ಕರೆ ಕಾಯಿಲೆಯವರ ಪಥ್ಯದ ಲೆಕ್ಕದಿಂದ ಜಿಡ್ಡು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಅದರ ಪರಿಣಾಮ ತಡವಾಗಿ ಕಾಣಿಸಿಕೊಂಡು ಬಹುಕಾಲ ಉಳಿಯುತ್ತದೆ.

1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಗೆ ಇನ್ಸುಲಿನ್ ಕೊಡುವವರೆಗೆ ಮಧುಮೇಹಿಗಳ ಊಟದಲ್ಲಿ ಪಿಷ್ಟವನ್ನು ಕಡಿದು ಕೊಬ್ಬನ್ನೇ ನೆಚ್ಚುವ ಪದ್ಧತಿ ರೂಢಿಯಲ್ಲಿತ್ತು. ಬೇರೆ ದಾರಿಯೂ ಇರಲಿಲ್ಲ. 1930ರ ದಶಕದಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ ಕೆಲವು ದಿನ ಜಿಡ್ಡೇ ಹೆಚ್ಚಿರುವ ಊಟ ಮಾಡಿದರೆ ಆರೋಗ್ಯವಂತರ ದೇಹವೂ ಗ್ಲೂಕೋಸನ್ನು ನಿಭಾಯಿಸುವುದರಲ್ಲಿ ಹಿಂದೆ ಬೀಳುತ್ತದೆ ಎಂದು ತೋರಿಸಿದ. ಸ್ನಾಯುಗಳು ಕೊಬ್ಬಿನಾಮ್ಲವನ್ನು ಉರಿಸುತ್ತಿರುವಾಗ ಗ್ಲೂಕೋಸಿನ ಬಳಕೆ ತಗ್ಗುತ್ತದೆಂಬ ವಿವರಣೆಯನ್ನು ಫಿಲಿಪ್ ರ‍್ಯಾಂಡಲ್ ಮತ್ತು ಸಂಗಡಿಗರು 1963ರಲ್ಲಿ ಮುಂದಿಟ್ಟರು.

ಊಟದ ಹೊತ್ತಿನ ಪರಿಣಾಮ ವಿಚಿತ್ರವಾದುದು. ಜಿಡ್ಡು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಬೆಣ್ಣೆ ದೋಸೆಯನ್ನೋ ಬಿರಿಯಾನಿಯನ್ನೋ ತಿಂದ ಮೇಲಿನ ಮೊದಲ ಗಂಟೆಗಳಲ್ಲಿ ಸಕ್ಕರೆ ಎಣಿಸಿದಷ್ಟು ಏರದೆ ಇರಬಹುದು. ಏರಿಕೆ ಆಮೇಲೆ ಶುರುವಾಗಿ ಗಂಟೆಗಟ್ಟಲೆ ಇಳಿಯದೆ ನಿಲ್ಲುತ್ತದೆ. ಎರಡು ಗಂಟೆಯ ಪರೀಕ್ಷೆ ನೋಡಿ ನೆಮ್ಮದಿಪಟ್ಟವರು ಬೆಳಗಿನ ಅಂಕಿ ಕಂಡು ಬೆರಗಾಗುವುದುಂಟು. ಟೈಪ್ 1 ಮಧುಮೇಹವಿರುವ ಏಳು ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪಿಷ್ಟದ ಪ್ರಮಾಣ ಒಂದೇ ಇದ್ದರೂ 10 ಗ್ರಾಂ ಬದಲು 60 ಗ್ರಾಂ ಕೊಬ್ಬಿದ್ದ ರಾತ್ರಿಯೂಟಕ್ಕೆ ಸರಾಸರಿ ಶೇ. 42ರಷ್ಟು ಹೆಚ್ಚು ಇನ್ಸುಲಿನ್ ಬೇಕಾಯಿತು. ಸಕ್ಕರೆ ತೀರಾ ಇಳಿದು ಬೆವರು, ನಡುಕ ಬಂದಾಗ ಚಾಕೊಲೇಟ್ ತಿನ್ನಬಾರದೆನ್ನುವುದಕ್ಕೂ ಹೊಟ್ಟೆಯ ಈ ನಿಧಾನವೇ ಕಾರಣ: ಅದರ ಜಿಡ್ಡು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಆಗ ಬೇಕಾದದ್ದು ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರು.

ಟೈಪ್ 2 ಮಧುಮೇಹದಲ್ಲಿ ಮೈಯೊಳಗೆ ಕೊಬ್ಬು ಎಲ್ಲಿ ಕೂಡಿದೆ ಎನ್ನುವುದು ಮುಖ್ಯ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮನ್ನೇ ಉದಾಹರಣೆ ಮಾಡಿಕೊಂಡು 2004ರಲ್ಲಿ ಒಂದು ಚಿತ್ರ ಪ್ರಕಟಿಸಿದರು. ಇಬ್ಬರ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೇ, 22.3, ಆದರೆ ಮೈಯ ಕೊಬ್ಬು ಯುಡ್ಕಿನ್‌ಗೆ ಶೇ. 9.1 ಇದ್ದರೆ ಯಾಜ್ಞಿಕ್‌ಗೆ ಶೇ. 21.2. ನೋಡಲು ತೆಳ್ಳಗಿರುವ ಭಾರತೀಯರಲ್ಲೂ ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೊಬ್ಬು ತುಂಬಿ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡಬಲ್ಲದು. ಲಿವರ್‌ನ ಕೊಬ್ಬಿಗೆ ಜಿಡ್ಡನ್ನೊಂದನ್ನೇ ದೂರುವುದು ಸರಿಯಲ್ಲ. ಫಿನ್ಲೆಂಡಿನಲ್ಲಿ 38 ಜನರಿಗೆ ಮೂರು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿಯಾಗಿ ಉಣಿಸಿ ನೋಡಿದರು (2018). ಬೆಣ್ಣೆ, ಚೀಸ್, ತೆಂಗಿನೆಣ್ಣೆಗಳಂಥ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ತಿಂದವರಲ್ಲಿ ಲಿವರ್ ಕೊಬ್ಬು ಶೇ. 55, ಸಕ್ಕರೆ ತಿಂದವರಲ್ಲಿ ಶೇ. 33, ಅಪರ್ಯಾಪ್ತ ಕೊಬ್ಬು ತಿಂದವರಲ್ಲಿ ಶೇ. 15ರಷ್ಟು ಹೆಚ್ಚಿತು.

ಕೊಬ್ಬಿನ ಜಾತಿ ಹೃದಯದ ವಿಷಯದಲ್ಲಿ ಇನ್ನೂ ನಿರ್ಣಾಯಕ. ಮಧುಮೇಹಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ. ತೆಂಗಿನೆಣ್ಣೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು, ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು, ತಾಳೆಎಣ್ಣೆಯಲ್ಲಿ ಅರ್ಧದಷ್ಟು ಪರ್ಯಾಪ್ತ ಕೊಬ್ಬಿದೆ. ಕಡಲೆಕಾಯಿ, ಎಳ್ಳು, ಕುಸುಬೆ, ಸೂರ್ಯಕಾಂತಿ, ಹುಚ್ಚೆಳ್ಳುಗಳ ಎಣ್ಣೆಯಲ್ಲಿ ಅಪರ್ಯಾಪ್ತದ್ದೇ ಮೇಲುಗೈ. ತುಪ್ಪವನ್ನು ಬಿಟ್ಟು ಆ ಜಾಗಕ್ಕೆ ಬಿಸ್ಕತ್ತು, ಮೈದಾ ತಂದರೆ ಗಳಿಕೆ ಏನೂ ಇಲ್ಲ. ಬೀಜ, ಎಣ್ಣೆಕಾಳು ತಂದರೆ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿ ಎನ್ನುವುದನ್ನು ಡಬ್ಬದ ಮೇಲಿನ ಹೃದಯದ ಚಿತ್ರ ಮರೆಸುತ್ತದೆ. ಟ್ರಾನ್ಸ್ ಕೊಬ್ಬಿಗೆ ಯಾವ ಸಮರ್ಥನೆಯೂ ಇಲ್ಲ. ವನಸ್ಪತಿಯ ಜೊತೆಗೆ ಬೇಕರಿಯ ಪಫ್‌ಗಳಿಗೂ ಹೊಕ್ಕಿದ್ದ ಇದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದರ ಮಿತಿ ಶೇ. 2.

ಬಂಗುಡೆ, ಬೂತಾಯಿಯಂಥ ಮೀನುಗಳ ಒಮೆಗಾ-3 ಕೊಬ್ಬಿನ ಕತೆ ಬೇರೆ. ಅವುಗಳನ್ನು ಊಟದಲ್ಲಿ ಸೇರಿಸಲು ಆಹಾರತಜ್ಞರು ಹೇಳುತ್ತಾರೆ; ಎಣ್ಣೆಯಲ್ಲಿ ಕರಿಯದೆ ಸಾರು ಮಾಡಿದರೆ ಒಳ್ಳೆಯದು. ಮೀನೆಣ್ಣೆಯ ಗುಳಿಗೆ ಮಾತ್ರ ಹೃದಯವನ್ನು ಕಾಪಾಡಲಿಲ್ಲ: 15,480 ಮಧುಮೇಹಿಗಳನ್ನು ಒಳಗೊಂಡ ಬ್ರಿಟನ್ನಿನ ‘ಅಸೆಂಡ್’ ಪ್ರಯೋಗದಲ್ಲಿ ದಿನಕ್ಕೆ ಒಂದು ಗ್ರಾಂ ಮೀನೆಣ್ಣೆ ಗುಳಿಗೆ ವರ್ಷಗಟ್ಟಲೆ ನುಂಗಿದವರಿಗೂ ನುಂಗದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.