ಮಕ್ಕಳ ಆಟಿಕೆಗಳ ಹಿಂದಿನ ಕೈಗಳು: ಹೆಸರು ಉಳಿದವರು, ಹೆಸರು ಮರೆತುಹೋದವರು



ಕಳೆದ ಬಾರಿ ನಮ್ಮ ಮಾಸಿಕ ಸಭೆಗೆ ಅಜ್ಜನ ಜೊತೆ ಬಂದಿದ್ದ ಒಬ್ಬ ಹುಡುಗ ಕೈಯಲ್ಲಿ ಬುಗುರಿ ಹಿಡಿದುಕೊಂಡಿದ್ದ. "ಬಲ್ಬು ಕಂಡುಹಿಡಿದವರು ಎಡಿಸನ್ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಬುಗುರಿ ಕಂಡುಹಿಡಿದವರು ಯಾರು?" ಎಂದು ಕೇಳಿದ. ಸಭೆಯಲ್ಲಿದ್ದ ಹಿರಿಯರೆಲ್ಲ ನಕ್ಕರು, ಉತ್ತರ ಮಾತ್ರ ಯಾರೂ ಹೇಳಲಿಲ್ಲ. ಆ ಪ್ರಶ್ನೆಯನ್ನು ನಾವು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆವು. ಆಟಿಕೆ ಮಾಡಿದವರ ವಿಚಾರವಾಗಿ ಸದಸ್ಯರಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಹೆಸರು ಉಳಿದವರು

ಇಂದು ಪೇಟೆಯ ಅಂಗಡಿಗಳಲ್ಲಿ ಸಿಗುವ ಕೆಲವು ಆಟಿಕೆಗಳಿಗೆ ಜನಕರ ಹೆಸರು ಸ್ಪಷ್ಟವಾಗಿದೆ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸೆನ್ ಅವರು 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದರು. ಅದೇ ಮುಂದೆ ಲೆಗೊ ಆಯಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಇಟ್ಟಿಗೆಗೆ ಅವರ ಮಗ ಗಾಟ್‌ಫ್ರೆಡ್ ಪೇಟೆಂಟ್ ಅರ್ಜಿ ಹಾಕಿದ ದಿನಾಂಕ 1958ರ ಜನವರಿ 28. ಬಣ್ಣದ ಘನವನ್ನು ತಿರುಗಿಸುವ ರೂಬಿಕ್ಸ್ ಕ್ಯೂಬ್ ಅನ್ನು 1974ರಲ್ಲಿ ಮಾಡಿದವರು ಹಂಗೇರಿಯ ಬುಡಾಪೆಸ್ಟ್‌ನ ಎರ್ನೊ ರೂಬಿಕ್ ಎಂಬ ಮೇಷ್ಟ್ರು. ತಾವೇ ಮಾಡಿದ ಒಗಟನ್ನು ಬಿಡಿಸಲು ಅವರಿಗೇ ಸುಮಾರು ಒಂದು ತಿಂಗಳು ಹಿಡಿಯಿತಂತೆ.

ನಮ್ಮ ನಾಡಿನಲ್ಲೂ ಅಂಥವರೊಬ್ಬರಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಬಹಳ ಆಸಕ್ತಿಯಿದ್ದ ದೊರೆ. ಅವರ 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ 'ಕೌತುಕನಿಧಿ' ಎಂಬ ಭಾಗವೇ ಆಟಗಳಿಗೆ ಮೀಸಲು. ಚದುರಂಗದ ಕುದುರೆ ಪ್ರತಿ ಮನೆಗೂ ಒಂದೊಂದೇ ಸಲ ಹೋಗಿ ಮಣೆ ಸುತ್ತುವ ಲೆಕ್ಕವನ್ನು ಅವರು ಬಿಡಿಸಿದ್ದರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ರೂಪಿಸಿದರು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಈ ಹಳೆಯ ಮಣೆಯಾಟಗಳನ್ನು ಪ್ರದರ್ಶನಗಳ ಮೂಲಕ ಜನರ ಮುಂದೆ ಇಡುತ್ತ ಬಂದಿದ್ದಾರೆ.

ಹೆಸರು ತಪ್ಪಿಹೋದವರು

ಎಲ್ಲರಿಗೂ ಈ ಭಾಗ್ಯವಿಲ್ಲ. ಜಾಗ ಕೊಂಡು ಬಾಡಿಗೆ ವಸೂಲು ಮಾಡುವ 'ಮೊನಾಪಲಿ' ಆಟ ನಮ್ಮ ಮನೆಗಳಿಗೆ 'ವ್ಯಾಪಾರ' ಎಂಬ ಹೆಸರಿನಲ್ಲಿ ಬಂತು. ಅದರ ಮೂಲ ರೂಪಕ್ಕೆ 1904ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ. ಜಮೀನು ಕೆಲವರ ಕೈಗೆ ಸೇರಿದರೆ ಉಳಿದವರ ಗತಿಯೇನು ಎಂದು ತೋರಿಸಲು ಅವರು ಆ ಆಟ ಮಾಡಿದರು. 1935ರಲ್ಲಿ ಚಾರ್ಲ್ಸ್ ಡ್ಯಾರೊ ಎಂಬವರು ಅದನ್ನು ತಮ್ಮದೆಂದು ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿ ಶ್ರೀಮಂತರಾದರು. ಮ್ಯಾಗಿ ಅವರಿಗೆ ಸಿಕ್ಕಿದ್ದು 500 ಡಾಲರ್. ಅವರ ಹೆಸರು ಮತ್ತೆ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ ನಡೆದ ಒಂದು ಕೋರ್ಟು ವ್ಯಾಜ್ಯದಿಂದ. ಹಳೆಯ ಕಾಗದಗಳು ಉಳಿದಿದ್ದವು, ಅದಕ್ಕೇ ಸತ್ಯ ಹೊರಬಂತು. ಕಚೇರಿಯಲ್ಲಿ ಕಡತ ಕಾಯ್ದವರಿಗೆ ಇದರ ಬೆಲೆ ಗೊತ್ತು.

ಚನ್ನಪಟ್ಟಣದ ಗೊಂಬೆಯ ಕಥೆಯನ್ನೂ ನೋಡಿ. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕೆಲಸ ಕಲಿಸಿದರು ಎಂಬುದು ಪ್ರತೀತಿ. ಮುಂದೆ ಬಾವಾಸ್ ಮಿಯಾನ್ ಎಂಬ ಕುಶಲಕರ್ಮಿ ಜಪಾನಿನ ವಿಧಾನವನ್ನು ಕಲಿತು ಊರಿನವರಿಗೆ ಹೇಳಿಕೊಟ್ಟರೆಂದು ಹೇಳುತ್ತಾರೆ. ಅವರನ್ನು ಚನ್ನಪಟ್ಟಣ ಗೊಂಬೆಗಳ ಪಿತಾಮಹ ಎಂದೇ ಕರೆಯುತ್ತಾರೆ. ಸುಲ್ತಾನರ ಹೆಸರು ಎಲ್ಲರಿಗೂ ಗೊತ್ತು. ಮಿಯಾನ್ ಅವರ ಹೆಸರು ಕೇಳಿದವರು ನಮ್ಮ ಸಭೆಯಲ್ಲಿ ಇಬ್ಬರೇ ಇದ್ದರು.

ಆ ಗೊಂಬೆ ಮಾಡುವ ಕ್ರಮ ಹೀಗೆ. ಆಲೆ ಮರದ ಬಿಳಿಯ, ಹಗುರವಾದ ತುಂಡನ್ನು ಒಣಗಿಸಿ ಚರಕಿ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ಹಿಡಿದು ಆಕಾರ ತರುತ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ಒಣಗಿದ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಅರಿಸಿನದಂಥ ಸಸ್ಯಮೂಲದ ಬಣ್ಣ ಹಾಕಿದ್ದರೆ ಮಗು ಬಾಯಿಗಿಟ್ಟರೂ ಭಯವಿಲ್ಲ. ಕೊಳ್ಳುವಾಗ ಬಣ್ಣ ಯಾವುದೆಂದು ಕೇಳುವುದು ಒಳ್ಳೆಯದು. 2005–06ರ ಸಾಲಿನಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಅದರಿಂದ ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು. ಮಾಡಿದವರ ಹೆಸರನ್ನು ಮಾತ್ರ ನಾವೇ ನೆನಪಿಡಬೇಕು.

ಕಸದಲ್ಲೂ ಆಟಿಕೆ

ಆಟಿಕೆ ಕಂಡುಹಿಡಿಯಲು ಕಾರ್ಖಾನೆಯೇ ಬೇಕಿಲ್ಲ. ಕಾನ್ಪುರದ ಐಐಟಿಯಲ್ಲಿ ಓದಿದ ಅರವಿಂದ ಗುಪ್ತಾ ಅವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕೃತಿಗಳನ್ನು ಕಟ್ಟುವ ಉಪಾಯ ಹೂಡಿದರು. ಮೂರು ಕಡ್ಡಿಯ ತ್ರಿಕೋನ ಒತ್ತಿದರೂ ಅಲುಗದು, ನಾಲ್ಕು ಕಡ್ಡಿಯ ಚೌಕ ಓರೆಯಾಗುತ್ತದೆ. ಸೇತುವೆಗಳಲ್ಲಿ ತ್ರಿಕೋನಗಳು ಏಕಿರುತ್ತವೆ ಎಂಬುದು ಮಗುವಿಗೆ ಕೈಯಿಂದಲೇ ಅರ್ಥವಾಗುತ್ತದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಭಾಗದ ಕನ್ನಡ ಶಾಲೆಗಳ ಶಿಕ್ಷಕರು ಇದನ್ನು ಮಾಡಿಸಿ ನೋಡಬಹುದು, ಖರ್ಚು ಏನೂ ಇಲ್ಲ.

ನಮ್ಮ ಸುತ್ತಮುತ್ತ

ನಮ್ಮ ಭಾಗದಲ್ಲಿ ಹೆಸರು ಪಡೆದ ಒಬ್ಬರಿದ್ದಾರೆ. ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ತೊಗಲುಗೊಂಬೆ ಮಾಡುವ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅಷ್ಟು ಹತ್ತಿರದ ಊರನ್ನು ನಮ್ಮ ಮಕ್ಕಳಿಗೆ ತೋರಿಸಿದವರು ಎಷ್ಟು ಜನ?

ರಾಯದುರ್ಗ ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ವಿಳಾಸ ಬದಲಾದರೂ ಬೀದಿಯ ಆಟ ಅದೇ ಇತ್ತು, ಎರಡೆರಡು ಹೆಸರಿನಲ್ಲಿ. ನಮ್ಮ ಬುಗುರಿ ಪಕ್ಕದ ಮನೆಯಲ್ಲಿ ಬೊಂಗರಂ. ಅಳಿಗುಳಿ ಮಣೆ ವಾಮನಗುಂಟಲು, ಚೌಕಾಬಾರ ಅಷ್ಟಾಚಮ್ಮಾ, ಚಿನ್ನಿದಾಂಡು ಬಿಳ್ಳಂಗೋಡು, ಲಗೋರಿ ಏಡುಪೆಂಕುಲಾಟ. ನಾವು ಎರಡು ಹೆಸರಿನಲ್ಲೂ ಕೂಗಾಡಿ ಆಡಿದವರು. ಈಗಿನ ಮಕ್ಕಳಲ್ಲಿ ಹಲವರಿಗೆ ಎರಡೂ ಗೊತ್ತಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿಕೊಟ್ಟ ಕುಂಬಾರರು, ಜಾತ್ರೆಗೆ ಬುಗುರಿ ಕಡೆದುಕೊಟ್ಟ ಬಡಗಿಗಳು, ಜೋಳದ ದಂಟಿನಲ್ಲಿ ಬಂಡಿ ಕಟ್ಟುವುದನ್ನು ಕಲಿಸಿದ ಅಜ್ಜಂದಿರು, ಇವರೂ ನಮಗೆ ಆಟಿಕೆ ಕೊಟ್ಟವರೇ. ಬುಗುರಿಯನ್ನು ಮೊಟ್ಟಮೊದಲು ತಿರುಗಿಸಿದವರ ಹೆಸರು ಯಾವ ದಾಖಲೆಯಲ್ಲೂ ಸಿಗದು. ಆದರೆ ಆ ಹುಡುಗನ ಕೈಯಲ್ಲಿದ್ದ ಬುಗುರಿಯನ್ನು ಮಾಡಿದವರು ಯಾರೆಂದು ಅವನ ಅಜ್ಜನಿಗೆ ಗೊತ್ತಿತ್ತು, ಕೂಡಲೇ ಹೇಳಿದರು. ಆ ಹೆಸರನ್ನು ನಾವು ಬರೆದುಕೊಂಡೆವು.

ಸದಸ್ಯರಲ್ಲಿ ವಿನಂತಿ

ಇದಕ್ಕಾಗಿ ಸಂಘದಲ್ಲಿ ಒಂದು ದಾಖಲೆ ಪುಸ್ತಕ ತೆರೆದಿದ್ದೇವೆ. ನಿಮ್ಮ ಊರಿನಲ್ಲಿ ಆಟಿಕೆ ಮಾಡುತ್ತಿದ್ದವರು ಅಥವಾ ಈಗಲೂ ಮಾಡುವವರು ಯಾರು, ಏನು ಮಾಡುತ್ತಿದ್ದರು, ಯಾವ ಮರ ಅಥವಾ ಮಣ್ಣು ಬಳಸುತ್ತಿದ್ದರು, ಆ ಆಟಿಕೆಗೆ ನಿಮ್ಮಲ್ಲಿ ಏನೆಂದು ಹೆಸರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ಮಾಡುವವರು ಈಗ ಇದ್ದರೆ ಅವರ ಒಪ್ಪಿಗೆ ಕೇಳಿಯೇ ಬರೆಯಿರಿ. ಹಳೆಯ ಆಟಿಕೆ ಮನೆಯ ಅಟ್ಟದಲ್ಲಿದ್ದರೆ ತಂದು ತೋರಿಸಿ, ಅದು ನಿಮ್ಮ ಬಳಿಯೇ ಇರಲಿ. ಮೊಮ್ಮಕ್ಕಳನ್ನು ತಪ್ಪದೆ ಕರೆತನ್ನಿ. ಬರೆಯಲು ಬಾರದ ಹಿರಿಯರು ಬಾಯಲ್ಲಿ ಹೇಳಿದರೂ ಸಾಕು, ಬರೆದುಕೊಳ್ಳಲು ನಾವಿದ್ದೇವೆ.

ಮೊದಲನೇ ಪುಟದ ಮೊದಲನೇ ಸಾಲು ತುಂಬಿದೆ. ಉಳಿದ ಸಾಲುಗಳು ನಿಮ್ಮವು.

– ಕಾರ್ಯದರ್ಶಿ, ಸಂಘದ ಪರವಾಗಿ