ಹೆಸ್ಸೆನ್ ರಾಜ್ಯದ ಅವಧಿಪೂರ್ವ ಚುನಾವಣೆಗಳು

ಜರ್ಮನಿಯ ಫ್ರಾಂಕ್‌ಫರ್ಟ್ ನಗರವಿರುವ ಹೆಸ್ಸೆನ್ ರಾಜ್ಯದಲ್ಲಿ ರಾಜಕೀಯ ಬಿಕ್ಕಟ್ಟಿನಿಂದಾಗಿ 1983, 1987 ಮತ್ತು 2009ರಲ್ಲಿ ಅವಧಿಗೆ ಮುನ್ನವೇ ಚುನಾವಣೆ ನಡೆಯಿತು. ರಾಜಧಾನಿ ವೀಸ್‌ಬಾಡೆನ್ ಆದರೂ ಜಗಳದ ಬೇರುಗಳು ಬಹುಮಟ್ಟಿಗೆ ಫ್ರಾಂಕ್‌ಫರ್ಟ್ ಸುತ್ತಲೇ ಇದ್ದವು.

ಇಲ್ಲಿನ ಬಿಕ್ಕಟ್ಟುಗಳು ತಿಂಗಳುಗಟ್ಟಲೆ ಎಳೆಯಲು ಕಾರಣ 1946ರ ರಾಜ್ಯ ಸಂವಿಧಾನದಲ್ಲಿದೆ. ಮುಖ್ಯಮಂತ್ರಿಯಾಗುವವರಿಗೆ ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಅದು ಯಾರಿಗೂ ಸಿಗದಿದ್ದರೆ ಹಳೆಯ ಸರ್ಕಾರವೇ ಉಸ್ತುವಾರಿಯಾಗಿ ಮುಂದುವರಿಯುತ್ತದೆ. ರಾಜ್ಯಪಾಲರಿಲ್ಲ, ರಾಷ್ಟ್ರಪತಿ ಆಳ್ವಿಕೆಯೂ ಇಲ್ಲ. ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವ ಅಧಿಕಾರ ಸದನಕ್ಕಿದೆ. ಆಮೇಲೆ 60 ದಿನಗಳೊಳಗೆ ಮತದಾನ ನಡೆಯಬೇಕು.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಪಶ್ಚಿಮ ರನ್‌ವೇಗಾಗಿ ಕಾಡು ಕಡಿಯುವುದನ್ನು ವಿರೋಧಿಸಿದ ಚಳವಳಿಯ ಬಲದಿಂದ ಹಸಿರು ಪಕ್ಷ 1982ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಈ ಸದನ ಪ್ರವೇಶಿಸಿತು. ಉದಾರವಾದಿ ಪಕ್ಷವಾದ ಎಫ್‌ಡಿಪಿ ಪೂರ್ತಿ ಹೊರಬಿತ್ತು. ಯಾರಿಗೂ ಬಹುಮತವಿಲ್ಲದೆ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ (ಎಸ್‌ಪಿಡಿ) ಮುಖ್ಯಮಂತ್ರಿ ಹೋಲ್ಗರ್ ಬೋರ್ನರ್ ವರ್ಷದ ಮಟ್ಟಿಗೆ ಉಸ್ತುವಾರಿ ನಡೆಸಿದರು. 1983ರ ಸೆಪ್ಟೆಂಬರ್ 25ರ ಚುನಾವಣೆಯಲ್ಲಿ ಅವರ ಪಕ್ಷ ಮೊದಲ ಸ್ಥಾನಕ್ಕೇರಿತು, ಬಹುಮತ ಮಾತ್ರ ಬರಲಿಲ್ಲ. ಕೊನೆಗೆ ಹಸಿರು ಪಕ್ಷದೊಂದಿಗೇ ಕೂಡಿಕೆಯಾಯಿತು. 1985ರ ಡಿಸೆಂಬರ್‌ನಲ್ಲಿ ಯೋಷ್ಕಾ ಫಿಶರ್ ಕ್ರೀಡಾ ಶೂ ಮೆಟ್ಟಿಕೊಂಡೇ ಪರಿಸರ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ಶೂ ಈಗ ಪಕ್ಕದ ಆಫನ್‌ಬಾಕ್‌ನ ಚರ್ಮ ವಸ್ತುಸಂಗ್ರಹಾಲಯದಲ್ಲಿದೆ. ಮೈತ್ರಿ ಬಾಳಿದ್ದು ಹದಿನಾಲ್ಕು ತಿಂಗಳು. ಹನಾವ್‌ನ ಆಲ್ಕೆಮ್ ಪ್ಲುಟೋನಿಯಂ ಕಾರ್ಖಾನೆಯ ಪರವಾನಗಿ ಕುರಿತ ಜಗಳದಲ್ಲಿ ಬೋರ್ನರ್ ಫಿಶರ್‌ರನ್ನು ವಜಾ ಮಾಡಿದರು. 1987ರ ಏಪ್ರಿಲ್ 5ರಂದು ಮತ್ತೆ ಚುನಾವಣೆ. ಫ್ರಾಂಕ್‌ಫರ್ಟ್‌ನ ಮಾಜಿ ಮೇಯರ್, ಸಂಪ್ರದಾಯವಾದಿ ಸಿಡಿಯು ಪಕ್ಷದ ವಾಲ್ಟರ್ ವಾಲ್‌ಮನ್ ಎರಡೇ ಸ್ಥಾನಗಳ ಅಂತರದಿಂದ ಗೆದ್ದರು.

ಮೂರನೆಯ ಬಿಕ್ಕಟ್ಟು ಹೆಚ್ಚು ಕಹಿಯಾದದ್ದು. 2008ರ ಜನವರಿ 27ರ ಚುನಾವಣೆಯಲ್ಲಿ ಸಿಡಿಯು ಮುಖ್ಯಮಂತ್ರಿ ರೋಲಾಂಡ್ ಕೋಖ್ ವಲಸಿಗ ಯುವಕರ ಅಪರಾಧಗಳನ್ನೇ ಪ್ರಚಾರದ ವಸ್ತುವಾಗಿಸಿ ಕೈ ಸುಟ್ಟುಕೊಂಡರು, ಪಕ್ಷ ಶೇ 48.8ರಿಂದ 36.8ಕ್ಕೆ ಕುಸಿಯಿತು. ಎಸ್‌ಪಿಡಿ ಸುಮಾರು 3,500 ಮತಗಳಷ್ಟೇ ಹಿಂದಿತ್ತು. ಎರಡಕ್ಕೂ ತಲಾ 42 ಸ್ಥಾನ, ಎಫ್‌ಡಿಪಿಗೆ 11, ಹಸಿರು ಪಕ್ಷಕ್ಕೆ 9, ಎಡ ಪಕ್ಷಕ್ಕೆ 6. ಬಹುಮತಕ್ಕೆ ಬೇಕಾದದ್ದು 56.

ಎಸ್‌ಪಿಡಿ ನಾಯಕಿ ಆಂಡ್ರಿಯಾ ಇಪ್ಸಿಲಾಂಟಿ ಎಡ ಪಕ್ಷದ ಸಹವಾಸ ಬೇಡವೆಂದು ಚುನಾವಣೆಗೆ ಮುಂಚೆ ಮಾತು ಕೊಟ್ಟಿದ್ದರು. ಎಫ್‌ಡಿಪಿ ಜತೆಗೂಡಲು ಒಪ್ಪದಿದ್ದಾಗ ಆ ಮಾತನ್ನು ಮುರಿಯದೆ ದಾರಿ ಉಳಿಯಲಿಲ್ಲ. ಎಸ್‌ಪಿಡಿ, ಹಸಿರು ಮತ್ತು ಎಡ ಪಕ್ಷಗಳು ಸೇರಿದರೆ 57. ಡಾರ್ಮ್‌ಸ್ಟಾಟ್‌ನ ಎಸ್‌ಪಿಡಿ ಶಾಸಕಿ ಡಾಗ್ಮಾರ್ ಮೆಟ್ಸ್ಗರ್ ಮಾರ್ಚ್‌ನಲ್ಲೇ ತಾನು ಒಪ್ಪುವುದಿಲ್ಲ ಎಂದರು. ಉಳಿದದ್ದು ನಿಖರವಾಗಿ 56. ಗುಪ್ತ ಮತದಾನದಲ್ಲಿ ಇನ್ನೊಂದೇ ಮತ ಜಾರಿದರೂ ಸೋಲು. 2005ರಲ್ಲಿ ಷ್ಲೆಸ್ವಿಗ್-ಹೋಲ್‌ಷ್ಟೈನ್‌ ರಾಜ್ಯದ ಎಸ್‌ಪಿಡಿ ಮುಖ್ಯಮಂತ್ರಿ ಹೈಡೆ ಸಿಮೋನಿಸ್ ಅಜ್ಞಾತ ಒಬ್ಬರ ಕಾರಣ ನಾಲ್ಕು ಸುತ್ತು ಸೋತಿದ್ದನ್ನು ಪಕ್ಷ ಮರೆತಿರಲಿಲ್ಲ. ಮೊದಲ ಪ್ರಯತ್ನ ಅಲ್ಲಿಗೇ ನಿಂತಿತು. ಕರ್ನಾಟಕದಲ್ಲೂ ಆಗ ಅತಂತ್ರ ಸ್ಥಿತಿಯೇ: 2007ರ ನವೆಂಬರ್‌ನಲ್ಲಿ ಯಡಿಯೂರಪ್ಪ ಸರ್ಕಾರ ವಾರದಲ್ಲೇ ಬಿದ್ದು, ರಾಷ್ಟ್ರಪತಿ ಆಳ್ವಿಕೆ ಬಂದು, 2008ರ ಮೇ ತಿಂಗಳಲ್ಲಿ ಚುನಾವಣೆ ಮುಗಿದೇ ಹೋಯಿತು. ಹೆಸ್ಸೆನ್‌ನಲ್ಲಾದರೋ ಕೋಖ್ ಉಸ್ತುವಾರಿ ಮುಖ್ಯಮಂತ್ರಿಯಾಗಿ ಕುರ್ಚಿಯಲ್ಲಿದ್ದರು, ಸದನ ಅವರ ವಿರುದ್ಧವೇ ಕಾನೂನು ಮಾಡುತ್ತಿತ್ತು. ಸೆಮಿಸ್ಟರಿಗೆ 500 ಯೂರೋ ಕಾಲೇಜು ಶುಲ್ಕ ರದ್ದಾದದ್ದು ಹಾಗೆ. ಮೊದಲ ಮಸೂದೆಯಲ್ಲಿ ತಾಂತ್ರಿಕ ದೋಷವಿದೆಯೆಂದು ಕೋಖ್ ಸಹಿ ಹಾಕಲಿಲ್ಲ. ಸದನ ತಿದ್ದಿ ಮತ್ತೆ ಅಂಗೀಕರಿಸಿತು.

ಶರತ್ಕಾಲದಲ್ಲಿ ಇಪ್ಸಿಲಾಂಟಿ ಮತ್ತೆ ಪ್ರಯತ್ನಿಸಿದರು. ಹಸಿರು ಪಕ್ಷದೊಡನೆ ಆದ ಒಪ್ಪಂದದಂತೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಹೊಸ ರನ್‌ವೇ ಕಾಮಗಾರಿ ನ್ಯಾಯಾಲಯದ ತೀರ್ಪಿನವರೆಗೆ ಕಾಯಬೇಕಿತ್ತು. ಇದರಿಂದ ಉದ್ಯೋಗಕ್ಕೆ ಪೆಟ್ಟೆಂದು ಎಸ್‌ಪಿಡಿಯ ರಾಜ್ಯ ಉಪಾಧ್ಯಕ್ಷ ಯುರ್ಗನ್ ವಾಲ್ಟರ್ ಆಕ್ಷೇಪಿಸಿದರು. ಮುಖ್ಯಮಂತ್ರಿ ಅಭ್ಯರ್ಥಿಯಾಗಲು ಇಪ್ಸಿಲಾಂಟಿ ಎದುರು ಸೋತವರೂ ಅವರೇ ಎಂಬುದನ್ನು ಬದಿಗಿಡಲಾಗದು. ಮತದಾನಕ್ಕೆ ಒಂದೇ ದಿನ ಮೊದಲು, ನವೆಂಬರ್ 3ರಂದು, ಎಸ್‌ಪಿಡಿ ಶಾಸಕರಾದ ವಾಲ್ಟರ್, ಮೆಟ್ಸ್ಗರ್, ಕಾರ್ಮೆನ್ ಎವರ್ಟ್ಸ್ ಮತ್ತು ಸಿಲ್ಕೆ ಟೆಶ್ ಪತ್ರಿಕಾಗೋಷ್ಠಿ ಕರೆದು ತಮ್ಮ ಮತವಿಲ್ಲ ಎಂದರು. ಭಾರತದಲ್ಲಾದರೆ ವಿಪ್ ಉಲ್ಲಂಘನೆ ಸದಸ್ಯತ್ವಕ್ಕೇ ಸಂಚಕಾರ ತರುತ್ತದೆ. ಜರ್ಮನಿಯಲ್ಲಿ ಶಾಸಕರ ಮತ ಅವರ ಆತ್ಮಸಾಕ್ಷಿಗೆ ಬಿಟ್ಟದ್ದು. ನಾಲ್ವರ ಸ್ಥಾನಕ್ಕೆ ಧಕ್ಕೆಯಾಗಲಿಲ್ಲ.

ನವೆಂಬರ್ 19ರಂದು ಸದನ ತನ್ನನ್ನು ವಿಸರ್ಜಿಸಿಕೊಂಡಿತು. 2009ರ ಜನವರಿ 18ರ ಚುನಾವಣೆಯಲ್ಲಿ ಎಸ್‌ಪಿಡಿ ಶೇ 36.7ರಿಂದ 23.7ಕ್ಕೆ ಇಳಿಯಿತು, ಇಪ್ಸಿಲಾಂಟಿ ಅಂದೇ ರಾಜೀನಾಮೆ ಕೊಟ್ಟರು. ಆದರೆ ಕೋಖ್ ಪಕ್ಷದ ಮತಪ್ರಮಾಣ ಹೆಚ್ಚಿದ್ದು ಅರ್ಧ ಶೇಕಡಾಕ್ಕೂ ಕಡಿಮೆ. ಲಾಭವೆಲ್ಲ ಎಫ್‌ಡಿಪಿ (ಶೇ 16.2) ಮತ್ತು ಹಸಿರು ಪಕ್ಷಕ್ಕೆ (ಶೇ 13.7). ಎಫ್‌ಡಿಪಿ ಬೆಂಬಲದಿಂದ ಫೆಬ್ರವರಿ 5ರಂದು ಕೋಖ್ ಮತ್ತೆ ಆಯ್ಕೆಯಾದರು. ಹೊಸ ರನ್‌ವೇ 2011ರ ಅಕ್ಟೋಬರ್‌ನಲ್ಲಿ ತೆರೆಯಿತು. 2014ರಲ್ಲಿ ಸಿಡಿಯು ಮತ್ತು ಹಸಿರು ಪಕ್ಷಗಳೇ ಕೂಡಿ ಸರ್ಕಾರ ರಚಿಸಿದವು. ಸಾರಿಗೆ ಖಾತೆ ಹಸಿರು ಪಕ್ಷದ ತಾರೆಕ್ ಅಲ್-ವಜೀರ್ ಪಾಲಿಗೆ ಬಂತು.